ಕರು ಕೊಡುತ್ತೇನೆ, ಹಗ್ಗ ಕೈಗೆ ಕೊಡುವುದಿಲ್ಲ: ರುವಾಂಡದ್ದು ಎಂಥ ಶಾಂತಿ?

ಹಾನುಬಾಳು_ಹೈದ (ಚರ್ಚೆ ಶುರು ಮಾಡಿದವರು) | ಶನಿವಾರ, ಬೆಳಿಗ್ಗೆ 7:40

ಮೂರು ವರ್ಷ ರುವಾಂಡದ ದಕ್ಷಿಣಕ್ಕಿರುವ ಹೂಯೆ ಜಿಲ್ಲೆಯಲ್ಲಿದ್ದು ಹೋದ ತಿಂಗಳು ಊರಿಗೆ ಬಂದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅಂದರೆ ಪಲ್ಪರ್ ರಿಪೇರಿ ನನ್ನ ಕೆಲಸ. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಅಲ್ಲಿ ಗಿರಿಂಕ ಅಂತ ಒಂದು ಯೋಜನೆ ಇದೆ. 2006ರಲ್ಲಿ ಶುರುವಾದದ್ದು. ಬಡ ಮನೆಗೆ ಸರ್ಕಾರ ಒಂದು ಹಸು ಕೊಡುತ್ತದೆ. ಆ ಹಸು ಹಾಕುವ ಮೊದಲ ಹೆಣ್ಣು ಕರುವನ್ನು ಪಟ್ಟಿಯಲ್ಲಿ ಮುಂದಿರುವ ಮನೆಗೆ ಕೊಡಬೇಕು. ಅವರು ತಮ್ಮದನ್ನು ಮುಂದಿನವರಿಗೆ. ಪಟ್ಟಿಯನ್ನು ಊರಿನವರೇ ಸಭೆಯಲ್ಲಿ ಕೂತು ಮಾಡುತ್ತಾರೆ.

ನನ್ನ ಬಾಡಿಗೆ ಮನೆಯ ಹಿಂದೆ ಒಬ್ಬ ಅಜ್ಜಿ ಇದ್ದರು. 1994ರ ನರಮೇಧದಲ್ಲಿ ಗಂಡ, ಇಬ್ಬರು ಮಕ್ಕಳನ್ನು ಕಳೆದುಕೊಂಡವರು. ಅವರಿಗೆ ಹಸು ಬಂದಿದೆ, ಈಗ ತುಂಬು ಗಬ್ಬ. ಪಟ್ಟಿಯಲ್ಲಿ ಅವರ ಮುಂದಿನ ಹೆಸರು ಯಾರದ್ದು ಗೊತ್ತಾ? ಗಂಡನನ್ನು ಕೊಂದ ಗುಂಪಿನಲ್ಲಿದ್ದವನದು. ಅವನು ಊರ ನ್ಯಾಯದಲ್ಲಿ ತಪ್ಪು ಒಪ್ಪಿಕೊಂಡು, ಜೈಲು ಮುಗಿಸಿ ವಾಪಸ್ ಬಂದಿದ್ದಾನೆ. ಹೆಂಡತಿಗೆ ಹುಷಾರಿಲ್ಲ. ನಿಜವಾಗಿಯೂ ಬಡವ.

ಏನು ಮಾಡುತ್ತೀರಿ ಅಂತ ಅಜ್ಜಿಯನ್ನು ಕೇಳಿದೆ. ಕೇಳಬಾರದಿತ್ತೇನೋ. ಅವರು ಹೇಳಿದ್ದು ಇಷ್ಟೇ: "ಕರು ಕೊಡುತ್ತೇನೆ. ಹಗ್ಗ ಅವನ ಕೈಗೆ ಕೊಡುವುದಿಲ್ಲ. ನೆಲದ ಮೇಲೆ ಇಡುತ್ತೇನೆ, ಎತ್ತಿಕೊಳ್ಳಲಿ."

ಇದನ್ನು ಶಾಂತಿ ಅನ್ನಬಹುದಾ? ಜಗತ್ತೆಲ್ಲ ರುವಾಂಡ ಹೇಗೆ ಎದ್ದು ನಿಂತಿತು ನೋಡಿ ಅನ್ನುತ್ತದೆ. ನನಗೆ ಮಾತ್ರ ಆ ಹಗ್ಗವೇ ಕಾಣುತ್ತದೆ.

ಬೈಗುಕಡಲು | 7:58

ಬೆಳಿಗ್ಗೆ ಬೆಳಿಗ್ಗೆ ಎಂಥದ್ದು ಬರೆದಿರಿ ಮಾರಾಯ್ರೆ. ಚಾ ತಣ್ಣಗಾಯಿತು.

ಮಂಡ್ಯ_ಮುದ್ದೆ | 8:05

ಕರು ಗಂಡಾದರೆ?

ಹಾನುಬಾಳು_ಹೈದ | 8:09

ಗಂಡಾದರೆ ಕೊಡಬೇಕಿಲ್ಲ. ಹೆಣ್ಣು ಕರು ಆಗುವವರೆಗೆ ಕಾಯುವುದು.

ಸಂತೆಬೀದಿ_ಸಿದ್ಧ | 8:22

ಎರಡು ಬುಡಕಟ್ಟುಗಳ ಹಳೇ ಜಗಳ ಅದು. ಭಾಷೆ ಬೇರೆ, ದೇವರು ಬೇರೆ, ನೂರಾರು ವರ್ಷದಿಂದ ಹೊಡೆದಾಡುತ್ತಿದ್ದವರು. ಹಸು ಕೊಟ್ಟು ಸರಿ ಮಾಡಲು ಆಗುತ್ತದಾ? ಸುಮ್ನೆ ಫೋಟೋಗೆ.

ಕ್ಯಾತೆ_ಮಾಸ್ತರ | 8:47

ಸಿದ್ಧಣ್ಣ, ಒಂದೇ ಉಸಿರಿನಲ್ಲಿ ಎಷ್ಟು ತಪ್ಪು ಹೇಳಿದಿರಿ! ಹುಟು, ಟುಟ್ಸಿ ಇಬ್ಬರ ಭಾಷೆಯೂ ಕಿನ್ಯರ್ವಾಂಡ. ಇಬ್ಬರೂ ಹೆಚ್ಚಾಗಿ ಕ್ರೈಸ್ತರು. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆ, ಮದುವೆ ಸಂಬಂಧವೂ ಇತ್ತು. ದನ ಇದ್ದವರು, ಹೊಲ ಉಳುವವರು ಎಂಬ ಭೇದ ಹಿಂದೆ ಇತ್ತು, ಅರಮನೆಯ ಮೇಲುಕೀಳೂ ಇತ್ತು. ಅದನ್ನು ಕಲ್ಲಿನಂತೆ ಗಟ್ಟಿ ಮಾಡಿದ್ದು 1930ರ ದಶಕದಲ್ಲಿ ಬೆಲ್ಜಿಯಂನವರು ತಂದ ಗುರುತಿನ ಚೀಟಿ. ಅದರ ಮೇಲೆ ಜಾತಿ ಬರೆದಿರುತ್ತಿತ್ತು. 1994ರಲ್ಲಿ ರಸ್ತೆ ತಡೆಗಳಲ್ಲಿ ಅದೇ ಚೀಟಿ ನೋಡಿ ಕೊಂದರು.

ಇನ್ನೊಂದು. ಇದನ್ನು ಬರೀ ಅಂತರ್ಯುದ್ಧ ಅನ್ನಬೇಡಿ. ಯುದ್ಧ ಇತ್ತು, 1990ರ ಅಕ್ಟೋಬರ್‌ನಲ್ಲಿ ಉಗಾಂಡ ಕಡೆಯಿಂದ ಆರ್‌ಪಿಎಫ್ (ಹೆಚ್ಚಾಗಿ ದೇಶ ಬಿಟ್ಟಿದ್ದ ಟುಟ್ಸಿಗಳ ಪಡೆ) ನುಗ್ಗಿದಾಗ ಶುರುವಾದದ್ದು. 1993ರ ಆಗಸ್ಟ್‌ನಲ್ಲಿ ತಾಂಜಾನಿಯಾದ ಅರುಷಾದಲ್ಲಿ ಶಾಂತಿ ಒಪ್ಪಂದವೂ ಆಯಿತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ನಡೆದದ್ದು ನರಮೇಧ. ಸುಮಾರು ನೂರು ದಿನ. ವಿಶ್ವಸಂಸ್ಥೆಯ ಅಂದಾಜು ಎಂಟು ಲಕ್ಷ ಜನ, ರುವಾಂಡ ಸರ್ಕಾರದ ಲೆಕ್ಕ ಹತ್ತು ಲಕ್ಷಕ್ಕೂ ಜಾಸ್ತಿ. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿಗಳು. ಕೊಲ್ಲಲು ಒಪ್ಪದ ಹುಟುಗಳನ್ನೂ ಕೊಂದರು. ಇಬ್ಬರೂ ಹೊಡೆದಾಡಿಕೊಂಡರು ಅಂದರೆ ಅಲ್ಲಿ ಬದುಕಿ ಉಳಿದವರಿಗೆ ಎಷ್ಟು ನೋವಾಗುತ್ತದೆ ಗೊತ್ತಾ?

ಸಂತೆಬೀದಿ_ಸಿದ್ಧ | 8:51

ಆಯ್ತು ಮೇಷ್ಟ್ರೇ. ತಿದ್ದಿಕೊಂಡೆ. ಹಸು ಫೋಟೋಗೆ ಅನ್ನುವ ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ಗೆರೆಮೇಲೆ_ಗಾಡಿ | 9:10

ನಮ್ಮ ಪ್ರಧಾನಿ 2018ರಲ್ಲಿ ಇಲ್ಲಿಂದ 200 ಹಸು ಹಡಗಿನಲ್ಲಿ ಕಳಿಸಿದ್ದರಲ್ಲ, ಅದೇ ಯೋಜನೆ ತಾನೇ?

ಹಾನುಬಾಳು_ಹೈದ | 9:16

ಯೋಜನೆ ಅದೇ, ಹಡಗು ಇಲ್ಲ 😄 200 ಹಸುಗಳನ್ನು ರುವಾಂಡದಲ್ಲೇ ಕೊಂಡು ರ್ವೆರು ಎಂಬ ಹಳ್ಳಿಯಲ್ಲಿ ಹಂಚಿದರು. ಬುಗೆಸೆರ ಜಿಲ್ಲೆ. ಆ ದೇಶಕ್ಕೆ ಸಮುದ್ರವೇ ಇಲ್ಲ ಸ್ವಾಮಿ.

ಹಸು ಅಂದರೆ ಅವರಿಗೆ ಬರೀ ಹಾಲಲ್ಲ ಅನ್ನುವುದನ್ನೂ ಹೇಳಬೇಕು. "ಗಿರಿಂಕ" ಅನ್ನುವುದೇ ಒಂದು ಹರಕೆ, ನಿನಗೆ ಹಸುವಾಗಲಿ ಅಂತ. ಹಸು ಕೊಟ್ಟವನು, ಪಡೆದವನು ಅಂದರೆ ಬೀಗರಾದ ಹಾಗೆ. ಇನ್ನು ಅವರಿಬ್ಬರ ನಡುವೆ ದ್ವೇಷ ಇರಬಾರದು. ಅದಕ್ಕೇ ಆ ಅಜ್ಜಿಯ ಹಗ್ಗದ ಮಾತು ನನಗೆ ಅಷ್ಟು ತಟ್ಟಿದ್ದು. ಹಸು ಕೊಡುತ್ತಾರೆ, ಬೀಗತನ ಕೊಡುವುದಿಲ್ಲ.

ಧಾರವಾಡ_ಫೇಡೆ | 9:31

ನಮ್ಮಪ್ಪ ದನ ಮಾರಿದಾಗ ಹಗ್ಗ ಬಿಚ್ಚಿಟ್ಟುಕೊಳ್ಳುತ್ತಿದ್ದರು ನೋಡ್ರಿ. ಕೊಂಡವರು ತಮ್ಮ ಹಗ್ಗ ತರಬೇಕು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೇ ಹೋಗುತ್ತಾಳೆ ಅಂತ. ಅಜ್ಜಿಯದು ಹಾಗೇನಾದರೂ ಪದ್ಧತಿ ಇರಬಹುದಾ?

ಹಾನುಬಾಳು_ಹೈದ | 9:34

ಇಲ್ಲ. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು, ಅದಕ್ಕೇ ನಾನೂ ಅದನ್ನೇ ಕೇಳಿದೆ. "ಪದ್ಧತಿ ಅಲ್ಲ, ನನ್ನ ಕೈ" ಅಂದರು.

ಬೈಗುಕಡಲು | 9:36

ಅಬ್ಬ.

ನಿವೃತ್ತ_ನೋಟರಿ | 10:20

ಊರ ನ್ಯಾಯ ಅಂದಿರಲ್ಲ, ಅದರ ಹೆಸರು ಗಚಾಚಾ. ಹುಲ್ಲಿನ ಹೆಸರಿನಿಂದ ಬಂದದ್ದು. ಹಿರಿಯರು ಹುಲ್ಲಿನ ಮೇಲೆ ಕೂತು ಬೇಲಿ ಜಗಳ, ದನದ ಜಗಳ ಬಗೆಹರಿಸುತ್ತಿದ್ದರಂತೆ. ನಮ್ಮ ಅರಳಿಕಟ್ಟೆಯ ಹಾಗೆ.

ನರಮೇಧ ಮುಗಿದಾಗ ಆ ದೇಶದಲ್ಲಿ ಜಡ್ಜ್‌ಗಳೇ ಇರಲಿಲ್ಲ. ಒಂದಿಷ್ಟು ಜನ ಸತ್ತಿದ್ದರು, ಒಂದಿಷ್ಟು ಜನ ಓಡಿಹೋಗಿದ್ದರು, ಕೆಲವರು ಸ್ವತಃ ಆರೋಪಿಗಳು. 1990ರ ದಶಕದ ಕೊನೆಗೆ ಜೈಲುಗಳಲ್ಲಿ ಲಕ್ಷಕ್ಕೂ ಮೀರಿ ಜನ. ಮಾಮೂಲಿ ಕೋರ್ಟಿನಲ್ಲಿ ನಡೆಸಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಹಾಗಾಗಿ 2002ರಲ್ಲಿ ಪ್ರಯೋಗವಾಗಿ, 2005ರಿಂದ ದೇಶದ ತುಂಬ ಗಚಾಚಾ ನಡೆಸಿದರು. ಸುಮಾರು 12,000 ಊರ ನ್ಯಾಯಾಲಯಗಳು. ಊರಿನವರೇ ಆರಿಸಿದ ನ್ಯಾಯಗಾರರು, ಸಂಬಳವಿಲ್ಲ. ವಕೀಲರೂ ಇಲ್ಲ (ನನ್ನ ಹೊಟ್ಟೆಗೆ ಹೊಡೆತ). 2012ರ ಜೂನ್‌ನಲ್ಲಿ ಮುಚ್ಚುವ ಹೊತ್ತಿಗೆ 19 ಲಕ್ಷಕ್ಕೂ ಹೆಚ್ಚು ಪ್ರಕರಣ ಮುಗಿದಿದ್ದವು. ಅದರಲ್ಲಿ ಬಹುಪಾಲು ಲೂಟಿ, ಮನೆ ಕೆಡವಿದ್ದು, ದನ ಹೊಡೆದುಕೊಂಡು ಹೋದದ್ದು.

ಇದರ ಪಕ್ಕಕ್ಕೆ ಇನ್ನೊಂದನ್ನು ಇಡಿ. ವಿಶ್ವಸಂಸ್ಥೆ ಅರುಷಾದಲ್ಲಿ ನಡೆಸಿದ ನ್ಯಾಯಮಂಡಳಿ ಇಪ್ಪತ್ತು ವರ್ಷದಲ್ಲಿ ಆರೋಪ ಹೊರಿಸಿದ್ದು 93 ಜನರ ಮೇಲೆ. ಖರ್ಚು ನೂರು ಕೋಟಿ ಡಾಲರ್ ದಾಟಿತು.

ತುಂಗೆತೀರ_ತಂಗಿ | 10:44

ನೋಟರಿ ಸರ್, 19 ಲಕ್ಷ ಅನ್ನುವುದು ಹೆಮ್ಮೆ ಪಡುವ ಸಂಖ್ಯೆಯಾ, ಗಾಬರಿ ಪಡುವ ಸಂಖ್ಯೆಯಾ? ವಕೀಲರಿಲ್ಲ, ನ್ಯಾಯಗಾರರು ಕಾನೂನು ಓದಿಲ್ಲ, ಸಾಕ್ಷಿ ಹೇಳುವವಳು ಅದೇ ಬೀದಿಯಲ್ಲಿ ರಾತ್ರಿ ಮಲಗಬೇಕು. ಸಾಕ್ಷಿ ಹೇಳಿದವರನ್ನು ಹೆದರಿಸಿದ್ದೂ ಉಂಟು, ಕೊಂದದ್ದೂ ಉಂಟು. ಹಳೇ ಹೊಲದ ಜಗಳಕ್ಕೆ ಸುಳ್ಳು ಆರೋಪ ಹಾಕಿದ್ದೂ ಉಂಟು. ಅತ್ಯಾಚಾರದ ಪ್ರಕರಣಗಳನ್ನು ಕೊನೆಕೊನೆಗೆ ಇದೇ ಕಟ್ಟೆಗೆ ತಂದರು. ಬಾಗಿಲು ಮುಚ್ಚಿ ನಡೆಸಿದರು, ಸರಿ. ಆದರೆ ಊರಿನಲ್ಲಿ ಬಾಗಿಲು ಮುಚ್ಚಿದರೆ ಒಳಗೆ ಯಾರು ಹೋದರು ಅಂತ ಎಲ್ಲರಿಗೂ ಗೊತ್ತಿರುತ್ತದೆ ಅಲ್ವಾ?

ಇನ್ನು ದೊಡ್ಡ ಮಾತು. ಯುದ್ಧ ಗೆದ್ದು ಅಧಿಕಾರಕ್ಕೆ ಬಂದ ಆರ್‌ಪಿಎಫ್‌ನ ಸೈನಿಕರು ಸೇಡಿಗೆ ಕೊಂದವರ ಲೆಕ್ಕ ಗಚಾಚಾಕ್ಕೆ ಬರಲೇ ಇಲ್ಲ. 1995ರ ಏಪ್ರಿಲ್‌ನಲ್ಲಿ ಕಿಬೆಹೊ ಶಿಬಿರದಲ್ಲಿ ನಿರಾಶ್ರಿತರ ಮೇಲೆ ಗುಂಡು ಹಾರಿಸಿದ್ದನ್ನು ವಿಶ್ವಸಂಸ್ಥೆಯ ಪಡೆಯೇ ಕಣ್ಣಾರೆ ನೋಡಿದೆ. ಆ ಅಮ್ಮಂದಿರು ಯಾವ ಹುಲ್ಲಿನ ಮೇಲೆ ಕೂತು ಹೇಳಿಕೊಳ್ಳಬೇಕು?

ನಿವೃತ್ತ_ನೋಟರಿ | 10:58

ಒಪ್ಪುತ್ತೇನೆ ತಂಗಿ. ಅದು ಗೆದ್ದವರು ನಡೆಸಿದ ನ್ಯಾಯ. ಆದರೆ ನಲವತ್ತು ವರ್ಷ ಕೋರ್ಟಿನಲ್ಲಿ ಕಳೆದವನಾಗಿ ಒಂದು ಹೇಳಲಾ? ಗಚಾಚಾದಲ್ಲಿ ಜನ ಹೆಚ್ಚಾಗಿ ಕೇಳಿದ್ದು "ಎಷ್ಟು ವರ್ಷ ಜೈಲು" ಅಂತ ಅಲ್ಲ. "ಹೆಣ ಎಲ್ಲಿ ಹಾಕಿದೆ?" ಅಂತ. ತಪ್ಪು ಒಪ್ಪಿಕೊಂಡು ಹೆಣ ಎಲ್ಲಿದೆ ಅಂತ ತೋರಿಸಿದವನಿಗೆ ಶಿಕ್ಷೆ ಕಡಿಮೆ. ಹಾಗೆ ಎಷ್ಟೋ ಕುಟುಂಬಗಳು ಎಲುಬು ಹುಡುಕಿ ಮಣ್ಣು ಮಾಡಿದವು. ನಮ್ಮ ಯಾವ ಕೋರ್ಟಿನ ತೀರ್ಪೂ ಆ ಕೆಲಸ ಮಾಡುವುದಿಲ್ಲ.

ಹಾನುಬಾಳು_ಹೈದ | 11:05

ಅಜ್ಜಿಗೂ ಹಾಗೇ ಆಯಿತು. ಗಂಡನ ಜಾಗ ತೋರಿಸಿದ್ದು ಅವನೇ. ಮಕ್ಕಳದ್ದು ಇನ್ನೂ ಸಿಕ್ಕಿಲ್ಲ.

ಕ್ಯಾತೆ_ಮಾಸ್ತರ | 11:07

ಹಾಗಾದರೆ ಅವನು ನಾಳೆ ನೆನಪು ಮಾಡಿಕೊಂಡು ಅದನ್ನೂ ತೋರಿಸಬಹುದು ಎಂಬ ಆಸೆ ಇರಬಹುದಲ್ಲ? ಕರು ಕೊಡದಿದ್ದರೆ ಆ ಬಾಗಿಲು ಮುಚ್ಚುತ್ತದೆ.

ಹಾನುಬಾಳು_ಹೈದ | 11:15

ಮೇಷ್ಟ್ರೇ, ಇದು ನನಗೆ ಹೊಳೆದಿರಲೇ ಇಲ್ಲ.

ಮಂಡ್ಯ_ಮುದ್ದೆ | 11:40

ಭಾರ ಆಯಿತು. ಊಟದ ವಿಷಯ ಹೇಳಿ ಅಣ್ಣ. ಅಲ್ಲಿ ಮುದ್ದೆ ಸಿಗುತ್ತಾ?

ಹಾನುಬಾಳು_ಹೈದ | 11:49

ಉಬುಗಾಲಿ ಅಂತ ಸಿಗುತ್ತದೆ. ಮರಗೆಣಸಿನ ಹಿಟ್ಟಿನದು ಅಥವಾ ಜೋಳದ್ದು. ಕೈಯಲ್ಲಿ ಮುರಿದು ಅದ್ದಿಕೊಂಡು ತಿನ್ನುವುದು. ಬಸ್ಸಾರು ಒಂದಿದ್ದರೆ ನಿನಗೆ ಬೇರೆ ಏನೂ ಬೇಡ. ಮರಗೆಣಸಿನ ಎಲೆ ಕುಟ್ಟಿ ಮಾಡುವ ಇಸೊಂಬೆ ನನಗೆ ಬಹಳ ಹಿಡಿಸಿತು. ಹಾಲಿನ ಅಂಗಡಿಗಳೂ ಇವೆ! ಬಾರ್ ಥರ ಬೆಂಚು ಹಾಕಿಕೊಂಡು ಲೋಟ ಲೋಟ ಹಾಲು, ಇಕಿವುಗುಟೊ ಎಂಬ ಹುಳಿ ಹಾಲು. ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು.

ಮಂಡ್ಯ_ಮುದ್ದೆ | 11:52

ಮರಗೆಣಸಿನ ಮುದ್ದೆ ಮುದ್ದೆಯಲ್ಲ. ಅದು ಅಂಟು. ಈ ವಿಷಯದಲ್ಲಿ ಶಾಂತಿ ಒಪ್ಪಂದ ಇಲ್ಲ.

ಮೂಡಿಗೆರೆ_ಮಂಜು | ಮಧ್ಯಾಹ್ನ 12:30

ಕಾಫಿ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನಾನು ಬೆಳೆಗಾರ, ಹತ್ತು ಎಕರೆ. ಹೂಯೆ ಅಂದರೆ ಮರಾಬ ಕಾಫಿಯ ಊರು ಅಲ್ವಾ ಹೈದ? ಅದರ ಕಥೆ ಹೇಳಿ. ಯುದ್ಧ ಆದ ಮೇಲೆ ತೋಟ ಹೇಗೆ ಕಟ್ಟಿದರು?

ಹಾನುಬಾಳು_ಹೈದ | 1:25

ಮಂಜಣ್ಣ, ಇದನ್ನು ಕೇಳಿದರೆ ನಿಲ್ಲಿಸುವುದಿಲ್ಲ ನಾನು.

ಮೊದಲು ಕಾಫಿಯೇ ಒಂದು ಹೊರೆ ಆಗಿತ್ತು. ಬೆಲ್ಜಿಯಂ ಕಾಲದಲ್ಲಿ ಕಡ್ಡಾಯವಾಗಿ ನೆಡಿಸಿದರು. ಆಮೇಲಿನ ಸರ್ಕಾರವೂ ಕಾಫಿ ಗಿಡ ಕಿತ್ತರೆ ದಂಡ ಹಾಕುತ್ತಿತ್ತು. ರೇಟು ಸರ್ಕಾರ ಹೇಳಿದ್ದೇ. ರೇಟು ಬೀಳದ ಹಾಗೆ ದೇಶಗಳು ಮಾಡಿಕೊಂಡಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರಲ್ಲಿ ಮುರಿದು ಬಿತ್ತಲ್ಲ, ರೇಟು ಅರ್ಧಕ್ಕೆ ಕುಸಿಯಿತು. ಆ ದೇಶದ ಡಾಲರ್ ಸಂಪಾದನೆಯೆಲ್ಲ ಹೆಚ್ಚುಕಡಿಮೆ ಕಾಫಿಯಿಂದಲೇ. ಸರ್ಕಾರದ ಕೈ ಬರಿದಾಯಿತು, ಯುವಕರಿಗೆ ಕೆಲಸ ಇಲ್ಲ, ಮರುವರ್ಷವೇ ಯುದ್ಧ. ಕಾಫಿ ರೇಟಿನಿಂದ ನರಮೇಧ ಆಯಿತು ಅನ್ನುವುದಿಲ್ಲ. ಆದರೆ ಒಣಹುಲ್ಲು ಜೋಡಿಸಿದ್ದರಲ್ಲಿ ಅದೂ ಒಂದು.

1994ರ ನಂತರ ತೋಟದಲ್ಲಿ ಉಳಿದವರು ಯಾರು? ವಿಧವೆಯರು. ಗಂಡ ಸತ್ತವರು ಒಂದು ಕಡೆ, ಗಂಡ ಜೈಲಿನಲ್ಲಿ ಇರುವವರು ಇನ್ನೊಂದು ಕಡೆ. ಇಬ್ಬರಿಗೂ ಇದ್ದದ್ದು ನೂರಿನ್ನೂರು ಗಿಡ. ಮನೆಯಲ್ಲೇ ಕಲ್ಲಿನಲ್ಲಿ ಸಿಪ್ಪೆ ಬಿಡಿಸಿ, ನೆಲದ ಮೇಲೆ ಒಣಗಿಸಿ, ಯಾರೋ ವ್ಯಾಪಾರಿಗೆ ಕೊಡುತ್ತಿದ್ದರು. ಕಸಕ್ಕೆ ಸಿಗುವ ರೇಟು.

1999ರಲ್ಲಿ ಮರಾಬದಲ್ಲಿ ಸಹಕಾರ ಸಂಘ ಕಟ್ಟಿದರು. ಹೆಸರು ಅಬಾಹುಜಮುಗಾಂಬಿ. ಒಂದೇ ಗುರಿಗೆ ಕೂಡಿ ದುಡಿಯುವವರು ಅನ್ನುವ ಅರ್ಥ. ಅಮೆರಿಕದ ನೆರವಿನಿಂದ, ಬುಟಾರೆಯ ವಿಶ್ವವಿದ್ಯಾಲಯದ ಜೊತೆ ಸೇರಿ ಪಲ್ಪಿಂಗ್ ಸ್ಟೇಷನ್ ಬಂತು. ತೊಳೆದ ಕಾಫಿ, ಹಳೇ ಬೂರ್ಬೋನ್ ತಳಿ, ಎತ್ತರದ ಗುಡ್ಡ. 2003ರ ಹೊತ್ತಿಗೆ ಇಂಗ್ಲೆಂಡಿನ ಸೂಪರ್ ಮಾರ್ಕೆಟ್‌ನಲ್ಲಿ ಮರಾಬ ಅನ್ನುವ ಹೆಸರಿನಲ್ಲೇ ಪ್ಯಾಕೆಟ್ ಮಾರಾಟ! ಇಡೀ ದೇಶದಲ್ಲಿ ಒಂದೆರಡು ಪಲ್ಪಿಂಗ್ ಸ್ಟೇಷನ್ ಇದ್ದದ್ದು ಈಗ ಮುನ್ನೂರಕ್ಕೂ ಜಾಸ್ತಿ. ನನ್ನ ಅನ್ನ ಅದರಿಂದಲೇ.

ಆದರೆ ನಾನು ಹೇಳಬೇಕೆಂದದ್ದು ಬೇರೆ. ಹಣ್ಣು ಕೊಯ್ದ ಅದೇ ದಿನ ಪಲ್ಪ್ ಮಾಡಬೇಕು ಅನ್ನುವುದು ನಿಮಗೆ ಗೊತ್ತು. ತಡವಾದರೆ ಹುಳಿ. ಅಂದರೆ ಗುಡ್ಡದ ಮೇಲಿನವರು, ಕೆಳಗಿನವರು, ಕೊಂದ ಮನೆಯವರು, ಸತ್ತ ಮನೆಯವರು, ಎಲ್ಲರೂ ಅದೇ ಸಂಜೆ ಅದೇ ತಕ್ಕಡಿ ಮುಂದೆ ಸಾಲು ನಿಲ್ಲಬೇಕು. ಪಾರ್ಚ್‌ಮೆಂಟ್ (ಹೊಟ್ಟಿನ ಸಮೇತದ ಬೀಜ) ಒಣಗಿಸುವ ಮಂಚದ ಎರಡು ಕಡೆ ಹೆಂಗಸರು ಎದುರುಬದುರು ನಿಂತು ಕೆಟ್ಟ ಬೀಜ ಆರಿಸುತ್ತಾರೆ. ದಿನವಿಡೀ. ಮಾತು ಮೊದಲು ಬೀಜದ ಬಗ್ಗೆ, ಆಮೇಲೆ ಮಳೆ ಬಗ್ಗೆ, ಆಮೇಲೆ ಮಕ್ಕಳ ಬಗ್ಗೆ. 1994ರ ಬಗ್ಗೆ ಮಾತ್ರ ಇಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ ನಾನು.

ಮೂಡಿಗೆರೆ_ಮಂಜು | 1:50

1989 ಅಂದಿರಲ್ಲ, ನಮಗೆ ಆಗ ಕಾಫಿ ಬೋರ್ಡ್ ಪೂಲ್ ಇತ್ತು. ಎಲ್ಲರೂ ಬೋರ್ಡಿಗೇ ಕೊಡಬೇಕು, ದುಡ್ಡು ಕಂತುಕಂತಾಗಿ ಯಾವಾಗಲೋ ಬರುವುದು. ನಮ್ಮಪ್ಪ ಬೈಯುತ್ತಿದ್ದರು. ತೊಂಬತ್ತರ ದಶಕದ ನಡುವೆ ಪೂಲ್ ಹೋಯಿತು, ನಾವೇ ಮಾರುವ ಹಾಗಾಯಿತು. ಆಮೇಲೆ 2001–02ರಲ್ಲಿ ರೇಟು ನೆಲ ಕಚ್ಚಿದಾಗ ಅದೇ ಅಪ್ಪ "ಪೂಲ್ ಇರಬೇಕಿತ್ತು" ಅಂದರು!

ಆ ಆಲೂಗಡ್ಡೆ ವಾಸನೆ ಸಮಸ್ಯೆ ಬಗೆಹರಿದಿದೆಯಾ? ರುವಾಂಡ ಕಾಫಿ ಅಂದರೆ ಅದನ್ನೇ ಹೇಳುತ್ತಾರೆ.

ಹಾನುಬಾಳು_ಹೈದ | 2:02

ಪೂರ್ತಿ ಇಲ್ಲ. ಒಂದು ತಿಗಣೆ ಜಾತಿಯ ಕೀಟ ಹಣ್ಣು ಚುಚ್ಚುತ್ತದೆ, ಆ ಬೀಜ ಹುರಿದಾಗ ಹಸಿ ಆಲೂಗಡ್ಡೆ ವಾಸನೆ. ನೂರು ಬೀಜದಲ್ಲಿ ಒಂದಿದ್ದರೂ ಲೋಟ ಕೆಟ್ಟಿತು. ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯುವುದು, ಕೈಯಲ್ಲಿ ಆರಿಸುವುದು, ಇಷ್ಟೇ ಉಪಾಯ. ಅದಕ್ಕೇ ಅಷ್ಟು ಹೆಂಗಸರಿಗೆ ಕೆಲಸ.

ಸಂತೆಬೀದಿ_ಸಿದ್ಧ | 2:15

ಎಲ್ಲ ಚೆಂದ. ಆದರೆ ಅಲ್ಲಿನ ಅಧ್ಯಕ್ಷರು 2024ರಲ್ಲಿ ಶೇಕಡಾ 99 ಮತ ತಗೊಂಡು ಗೆದ್ದರಂತೆ. ನಮ್ಮೂರ ಸೊಸೈಟಿ ಚುನಾವಣೆಯಲ್ಲಿ ಅವಿರೋಧ ಆಯ್ಕೆ ಅಂದರೂ ಹಿಂದೆ ಏನೋ ನಡೆದಿರುತ್ತದೆ. 99 ಅಂದರೆ?

ಚಳಿಗಾಲದ_ಚಹಾ | 3:10

ನಾನು ಕಿಗಾಲಿಯಲ್ಲಿ ಎರಡು ವರ್ಷ ಆರೋಗ್ಯ ಇಲಾಖೆಯ ಒಂದು ಯೋಜನೆಗೆ ಕೆಲಸ ಮಾಡಿದ್ದೇನೆ. ಎರಡೂ ಕಡೆ ಹೇಳುತ್ತೇನೆ, ಬೈಯಬೇಡಿ.

ಸಿದ್ಧ ಅವರ ಅನುಮಾನ ಸರಿ. ಅಧ್ಯಕ್ಷ ಕಗಾಮೆ ಅವರಿಗೆ ಎದುರು ನಿಲ್ಲಬೇಕೆಂದವರನ್ನು ಕಣಕ್ಕೇ ಇಳಿಯಲು ಬಿಡುವುದಿಲ್ಲ. ವಿರೋಧ ಪಕ್ಷದ ನಾಯಕಿ ವಿಕ್ಟೋರ್ ಇಂಗಬಿರೆ 2010ರಲ್ಲಿ ಸ್ಪರ್ಧಿಸಲು ದೇಶಕ್ಕೆ ಬಂದವರು ಜೈಲಿಗೆ ಹೋದರು. ನರಮೇಧದ ಸಿದ್ಧಾಂತ ಹರಡಬಾರದು ಅಂತ 2008ರಲ್ಲಿ ಒಂದು ಕಾನೂನು ಮಾಡಿದರು. ಉದ್ದೇಶ ಸರಿಯೇ. ಆದರೆ ಮಾತು ಎಷ್ಟು ಸಡಿಲ ಇತ್ತು ಅಂದರೆ ಸರ್ಕಾರವನ್ನು ಟೀಕಿಸಿದವರನ್ನೂ ಅದರಲ್ಲಿ ಹಾಕಬಹುದಿತ್ತು. ನೀವು ಹುಟುವಾ ಟುಟ್ಸಿಯಾ ಅಂತ ಯಾರನ್ನೂ ಕೇಳುವಂತಿಲ್ಲ. ಎಲ್ಲರೂ ರುವಾಂಡದವರು, ಅಷ್ಟೇ. ನಮ್ಮ ಕಚೇರಿಯಲ್ಲಿ ಈ ವಿಷಯ ಬಂದರೆ ಜನ ಕಿಟಕಿ ಕಡೆ ನೋಡುತ್ತಿದ್ದರು. ಪಕ್ಕದ ಕಾಂಗೋದಲ್ಲಿ ಎಂ23 ಎಂಬ ಬಂಡುಕೋರ ಪಡೆಗೆ ರುವಾಂಡದ ಬೆಂಬಲ ಇದೆ ಅಂತ ವಿಶ್ವಸಂಸ್ಥೆಯ ತಜ್ಞರು ವರದಿ ಮೇಲೆ ವರದಿ ಕೊಟ್ಟಿದ್ದಾರೆ. 2025ರ ಜನವರಿಯಲ್ಲಿ ಆ ಪಡೆ ಗೋಮಾ ನಗರವನ್ನೇ ಹಿಡಿಯಿತು. ತನ್ನ ಮನೆಯಲ್ಲಿ ಶಾಂತಿ, ಪಕ್ಕದ ಮನೆಗೆ ಬೆಂಕಿ ಅಂದರೆ ಏನರ್ಥ?

ಈಗ ಇನ್ನೊಂದು ಕಡೆ. ಪ್ರತಿ ಹಳ್ಳಿಯಲ್ಲಿ ಊರಿನವರೇ ಆರಿಸಿದ ಆರೋಗ್ಯ ಕಾರ್ಯಕರ್ತರಿದ್ದಾರೆ. ಮಲೇರಿಯಾ ಪರೀಕ್ಷೆ, ಔಷಧಿ ಅವರ ಹತ್ತಿರವೇ. ಆರೋಗ್ಯ ವಿಮೆ ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಇದೆ. ನಮ್ಮ ಯಶಸ್ವಿನಿ ನೆನಪಾಗುತ್ತಿತ್ತು ನನಗೆ, ಅದೂ 2003ರಲ್ಲಿ ಸಹಕಾರ ಸಂಘಗಳ ಮೂಲಕವೇ ಶುರುವಾದದ್ದು ತಾನೇ. ಆದರೆ ಅಲ್ಲಿ ಅದು ಇಡೀ ದೇಶಕ್ಕೆ ಹಬ್ಬಿದೆ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಡೆದು ಮನೆಗೆ ಹೋಗುತ್ತಿದ್ದೆ. ಬೆಂಗಳೂರಿನಲ್ಲಿ ನಾನು ಆ ಧೈರ್ಯ ಮಾಡುವುದಿಲ್ಲ.

ಎರಡೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ.

ಗೆರೆಮೇಲೆ_ಗಾಡಿ | 3:22

ತಿಂಗಳಿಗೊಮ್ಮೆ ಇಡೀ ದೇಶ ಪೊರಕೆ ಹಿಡಿಯುತ್ತದಂತೆ? ನಮ್ಮ ಲೇಔಟ್ ಗ್ರೂಪಿನಲ್ಲಿ ಯಾರೋ ಅದರ ವಿಡಿಯೋ ಹಾಕಿ "ಇದು ದೇಶ ಅಂದರೆ" ಅಂತ ಬರೆದಿದ್ದರು. ಅದೇ ಮನುಷ್ಯ ಕಸ ಬೇರೆ ಮಾಡದೆ ಖಾಲಿ ಸೈಟಿಗೆ ಎಸೆಯುತ್ತಾರೆ.

ಚಳಿಗಾಲದ_ಚಹಾ | 3:30

😂 ಹೌದು, ಉಮುಗಾಂಡ. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೊಂದು. 18ರಿಂದ 65 ವಯಸ್ಸಿನವರೆಲ್ಲ ಬರಬೇಕು. ಚರಂಡಿ, ರಸ್ತೆ, ಶಾಲೆ ಗೋಡೆ, ಗುಡ್ಡಕ್ಕೆ ಮೆಟ್ಟಿಲು ಕಡಿಯುವುದು. ಆಮೇಲೆ ಊರ ಸಭೆ. ತಪ್ಪಿಸಿಕೊಂಡರೆ 5,000 ಫ್ರಾಂಕ್ ವರೆಗೆ ದಂಡ. ಆ ಹೊತ್ತಿನಲ್ಲಿ ಗಾಡಿ ಓಡಿಸಿದರೆ ಪೊಲೀಸರು ನಿಲ್ಲಿಸುತ್ತಾರೆ.

ಕ್ಯಾತೆ_ಮಾಸ್ತರ | 3:55

ಉಮುಗಾಂಡಕ್ಕೆ ಇನ್ನೊಂದು ಮುಖ ಇದೆ, ಅದನ್ನು ವಿಡಿಯೋದಲ್ಲಿ ತೋರಿಸುವುದಿಲ್ಲ. ಅದು 1970ರ ದಶಕದಲ್ಲಿ ಹಬ್ಯಾರಿಮಾನ ಕಾಲದಲ್ಲೇ ಕಡ್ಡಾಯ ಆಗಿತ್ತು. ನರಮೇಧದ ದಿನಗಳಲ್ಲಿ ಕೊಲ್ಲುವುದಕ್ಕೆ ಬಳಸಿದ ಮಾತು ಕೂಡ "ಕೆಲಸ". ಗುಂಪು ಕಟ್ಟಿಕೊಂಡು, ಪಂಗ (ಮಚ್ಚುಕತ್ತಿ) ಹಿಡಿದು, ಮುಖಂಡ ಕರೆದಾಗ ಹೊರಡುವ ಅಭ್ಯಾಸ ಮೊದಲೇ ಇತ್ತಲ್ಲ. ಅದೇ ಹೆಸರನ್ನು 1998ರಲ್ಲಿ ಮತ್ತೆ ತಂದರು. ಅದೇ ಕೈ, ಅದೇ ಕತ್ತಿ, ಈಗ ಪೊದೆ ಸವರುವುದಕ್ಕೆ. ಧೈರ್ಯವೋ ಮರೆವೋ ನನಗೆ ಇನ್ನೂ ತಿಳಿದಿಲ್ಲ.

ಧಾರವಾಡ_ಫೇಡೆ | 4:12

ನಮ್ಮ ಕಡೆ ಮುಯ್ಯಾಳು ಇತ್ತಲ್ರಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಊಟ ಮಾತ್ರ. ದಂಡ ಅಂತೂ ಇಲ್ಲವೇ ಇಲ್ಲ. ಬರದಿದ್ದರೆ ಮುಂದಿನ ಸಲ ನಿಮ್ಮ ಹೊಲಕ್ಕೆ ಯಾರೂ ಬರುವುದಿಲ್ಲ, ಅಷ್ಟೇ. ದಂಡ ಹಾಕಿ ಮಾಡಿಸಿದರೆ ಅದು ಬಿಟ್ಟಿ ಚಾಕರಿ.

ಹಾನುಬಾಳು_ಹೈದ | 4:20

ಅವರಲ್ಲೂ ಅಂಥದ್ದೇ ಇತ್ತು, ಉಬುದೆಹೆ ಅಂತ. ಮಳೆಗೆ ಮುಂಚೆ ಎಲ್ಲರೂ ಕೂಡಿ ಒಬ್ಬೊಬ್ಬರ ಹೊಲ ಅಗೆಯುವುದು. ವಿಧವೆ ಮನೆ, ಮುದುಕರ ಮನೆಗೂ ಸೇರಿ. ಸರ್ಕಾರ 2001ರ ಸುಮಾರಿಗೆ ಆ ಹೆಸರು ತಗೊಂಡು ಯೋಜನೆ ಮಾಡಿತು. ಊರಿನವರೇ ಸೇರಿ ಯಾರು ಬಡವರು, ಯಾರು ತೀರಾ ಬಡವರು ಅಂತ ವರ್ಗ ಮಾಡುವುದು. ಆಮೇಲೆ ವಿಮೆ ಕಂತು, ಹಸು ಎಲ್ಲ ಆ ವರ್ಗದ ಮೇಲೆ ನಡೆಯುತ್ತಿತ್ತು. ಅಷ್ಟಾದ ಮೇಲೆ ಏನಾಗಿರಬಹುದು ಹೇಳಿ?

ಸಂತೆಬೀದಿ_ಸಿದ್ಧ | 4:22

ಬಿಪಿಎಲ್ ಕಾರ್ಡ್!

ಹಾನುಬಾಳು_ಹೈದ | 4:23

ಹೂಂ. ಹಂಚಿನ ಮನೆ, ಬೈಕು ಇದ್ದವರೂ ಬಡವರ ವರ್ಗಕ್ಕೆ ಬರಲು ಒದ್ದಾಟ. ಗಿರಿಂಕದಲ್ಲೂ ಅಧಿಕಾರಿಗಳು ತಮ್ಮವರಿಗೆ ಹಸು ಹಂಚಿದ ಪ್ರಕರಣಗಳು ಅಲ್ಲಿನ ಪತ್ರಿಕೆಗಳಲ್ಲೇ ಬಂದಿವೆ. ಮನುಷ್ಯರು ಎಲ್ಲ ಕಡೆ ಒಂದೇ.

ತುಂಗೆತೀರ_ತಂಗಿ | 5:05

ನನಗೆ ಹಸು, ಪೊರಕೆಗಿಂತ ದೊಡ್ಡದಾಗಿ ಕಾಣುವುದು ಜಮೀನಿನ ಕಾಗದ. ಯುದ್ಧ ಮುಗಿದಾಗ 1959ರಿಂದ ಉಗಾಂಡ ಮುಂತಾದ ಕಡೆ ಇದ್ದ ಟುಟ್ಸಿ ಕುಟುಂಬಗಳು ವಾಪಸ್ ಬಂದು ಖಾಲಿ ಮನೆಗಳಲ್ಲಿ ಸೇರಿಕೊಂಡವು. 1996ರ ಕೊನೆಗೆ ಕಾಂಗೋ, ತಾಂಜಾನಿಯಾ ಕಡೆ ಓಡಿದ್ದ ಹುಟುಗಳು ಲಕ್ಷಗಟ್ಟಲೆ ವಾಪಸ್ ಬಂದರು. ಒಂದು ಹೊಲಕ್ಕೆ ಇಬ್ಬರು ಒಡೆಯರು, ಇಬ್ಬರದ್ದೂ ನ್ಯಾಯವೇ. ಎಷ್ಟೋ ಕಡೆ ಸರ್ಕಾರ ಹೊಲವನ್ನು ಅರ್ಧರ್ಧ ಮಾಡಿಸಿತು. ಎರಡನೇ ಯುದ್ಧ ಆಗುವುದಿದ್ದರೆ ಅಲ್ಲೇ ಆಗುತ್ತಿತ್ತು.

1999ರಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಕೊಡುವ ಕಾನೂನು ಬಂತು. 2009ರಿಂದ 2013ರ ಒಳಗೆ ಮೇಲಿನಿಂದ ಫೋಟೋ ತೆಗೆದು ಒಂದು ಕೋಟಿಗೂ ಹೆಚ್ಚು ತುಂಡು ಜಮೀನು ದಾಖಲೆ ಮಾಡಿದರು. ಅಕ್ಕಪಕ್ಕದವರನ್ನು ನಿಲ್ಲಿಸಿ "ಇದು ಗಡಿ, ಒಪ್ಪಿಗೆಯಾ?" ಅಂತ ಕೇಳಿ ಗೆರೆ ಹಾಕಿದರು. ಮದುವೆ ನೋಂದಣಿ ಆಗಿದ್ದರೆ ಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರು.

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದೂ 1994ರ ಜುಲೈನಲ್ಲೇ. ಆರ್‌ಪಿಎಫ್ ಕಿಗಾಲಿ ಹಿಡಿದು ನರಮೇಧ ನಿಲ್ಲುತ್ತಿದ್ದ ತಿಂಗಳು. ಇಲ್ಲಿ ಯುದ್ಧವೂ ಇಲ್ಲ, ಏನೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಅಣ್ಣಂದಿರು ನನ್ನ ಹತ್ತಿರ "ಒಂದು ಸೈನ್ ಹಾಕಮ್ಮ" ಅಂತ ಹಕ್ಕುಬಿಡುಗಡೆ ಪತ್ರ ಮಾಡಿಸಿಕೊಂಡರು.

ನಿವೃತ್ತ_ನೋಟರಿ | 5:18

ಸಣ್ಣ ತಿದ್ದುಪಡಿ: 1994ರ ಕಾಯ್ದೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸುತ್ತಿರಲಿಲ್ಲ. ಅವರಿಗೂ ಸಿಕ್ಕಿದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಹಕ್ಕುಬಿಡುಗಡೆಯ ವಿಷಯ... ಅಂಥ ಪತ್ರಕ್ಕೆ ನಾನೇ ಎಷ್ಟು ಸಲ ಸೀಲ್ ಒತ್ತಿದ್ದೇನೋ. ಏನೂ ಹೇಳುವ ಹಾಗಿಲ್ಲ ತಂಗಿ.

ತುಂಗೆತೀರ_ತಂಗಿ | 5:21

ಹೇಳಿದ್ದೇ ದೊಡ್ಡದು ಬಿಡಿ ಸರ್.

ಮೂಡಿಗೆರೆ_ಮಂಜು | 5:40

ಇದನ್ನೆಲ್ಲ ರುವಾಂಡದ ಸ್ವಾವಲಂಬನೆ ಅಂದರೆ ಅನುಮಾನ ಬರುತ್ತದೆ ನನಗೆ. ಅವರ ಬಜೆಟ್ಟಿನಲ್ಲಿ ಹೊರಗಿನ ನೆರವು ಎಷ್ಟು ವರ್ಷ ಅರ್ಧದಷ್ಟು ಇತ್ತು! 2012ರಲ್ಲಿ ಎಂ23 ವಿಷಯಕ್ಕೆ ಕೊಡುವ ದೇಶಗಳು ನೆರವು ನಿಲ್ಲಿಸಿದಾಗ ಪರದಾಡಿದರು. ಸರ್ಕಾರ ಹೇಳಿದ ಬೆಳೆಯನ್ನೇ ಗುಡ್ಡ ಪೂರ್ತಿ ಬೆಳೆಯಬೇಕು ಅಂತ 2007ರಿಂದ ಒಂದು ಕಾರ್ಯಕ್ರಮ ಬೇರೆ. ಸಣ್ಣ ರೈತ ಬೀನ್ಸ್, ಗೆಣಸು, ಬಾಳೆ ಎಲ್ಲ ಬೆರೆಸಿ ಹಾಕುತ್ತಾನೆ, ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ಕಚೇರಿಯಲ್ಲಿ ಕೂತವರಿಗೆ ಅದು ಅಶಿಸ್ತು.

ಹಾನುಬಾಳು_ಹೈದ | 5:55

ನಿಜ ಮಂಜಣ್ಣ. ಕಾಫಿಯಲ್ಲೂ 2016ರಿಂದ ಕೆಲ ವರ್ಷ, ನಿಮ್ಮ ಗುಡ್ಡದ ಹಣ್ಣು ಇಂಥ ಸ್ಟೇಷನ್‌ಗೇ ಕೊಡಬೇಕು ಅಂತ ಗಡಿ ಹಾಕಿದ್ದರು. ರೈತರು ರಾತ್ರಿ ಹೊತ್ತು ಪಕ್ಕದ ಗಡಿಗೆ ಹಣ್ಣು ಹೊತ್ತು ಹೋಗುತ್ತಿದ್ದ ಕಥೆ ಈಗಲೂ ನಗುತ್ತಾ ಹೇಳುತ್ತಾರೆ.

ಆದರೆ ಬರಿಗೈಯಲ್ಲಿ ಎದ್ದವರು ಅನ್ನುವುದನ್ನು ಮರೆಯಬೇಡಿ. ಕೊಲೆ ಶುರುವಾದ ಎರಡು ವಾರಕ್ಕೆ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಪಡೆಯನ್ನು 270 ಜನಕ್ಕೆ ಇಳಿಸಿತು. ಹೊರಗಿನವರನ್ನು ನಂಬಬಾರದು ಅನ್ನುವುದು ಅವರ ಎಲುಬಿಗೆ ಇಳಿದಿದೆ.

ಚಳಿಗಾಲದ_ಚಹಾ | 6:30

ಹೈದ ಅವರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಪ್ರಯತ್ನ ಮಾಡುತ್ತೇನೆ. ಏಪ್ರಿಲ್ 7ರಿಂದ ಅಲ್ಲಿ ಸ್ಮರಣೆಯ ವಾರ. ಕಿಗಾಲಿಯ ಗಿಸೋಜಿ ಸ್ಮಾರಕದಲ್ಲಿ ಎರಡೂವರೆ ಲಕ್ಷ ಜನರನ್ನು ಮಣ್ಣು ಮಾಡಿದ್ದಾರೆ. ನಾನು ಹೋದ ದಿನ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಇದ್ದಕ್ಕಿದ್ದಂತೆ ಕಿರುಚಿ ಬಿದ್ದರು. ಕೂಡಲೇ ಹಳದಿ ಜಾಕೆಟ್ ಹಾಕಿದವರು ಬಂದು ಎತ್ತಿಕೊಂಡು ಹೋದರು. ಅದಕ್ಕೇ ಅಂತ ಜನ ಇಟ್ಟಿರುತ್ತಾರೆ, ಪ್ರತಿ ವರ್ಷ ಹೀಗಾಗುತ್ತದೆ ಅಂತ ಗೊತ್ತು. ಅಷ್ಟು ವರ್ಷ ಆದ ಮೇಲೂ. ಕ್ಷಮಿಸಿಬಿಡಿ ಅಂತ ಅಂಥವರನ್ನು ನಾವು ಕೇಳುವುದೇ ಜಾಸ್ತಿ ಆಯಿತು. ಅಜ್ಜಿ ಕರು ಕೊಡುತ್ತಿದ್ದಾರೆ. ಹಗ್ಗ ಅವರದ್ದು, ಎಲ್ಲಿ ಬೇಕಾದರೂ ಇಡಲಿ.

ಕ್ಯಾತೆ_ಮಾಸ್ತರ | 6:41

ಮೇಡಂ, ಒಪ್ಪಿದೆ. ಒಂದು ಅನುಮಾನ ಮಾತ್ರ. ಕರು ಕೊಡದಿರುವ ಸ್ವಾತಂತ್ರ್ಯ ಅಜ್ಜಿಗೆ ಇದೆಯಾ? ಇಲ್ಲದಿದ್ದರೆ ಅವರ ಕೈಲಿ ಉಳಿದದ್ದು ಹಗ್ಗ ಒಂದೇ.

ಹಾನುಬಾಳು_ಹೈದ | 6:50

ಇಲ್ಲ ಮೇಷ್ಟ್ರೇ. ಕೊಡಲೇಬೇಕು. ಊರ ಮುಂದೆ, ಚಪ್ಪಾಳೆ ಮಧ್ಯೆ.

ಬೈಗುಕಡಲು | 6:53

ಅವನು? ಅವನಿಗೆ ಬೇಕಾ ಆ ಕರು? ಯಾರೂ ಅದನ್ನು ಕೇಳಲಿಲ್ಲ.

ಹಾನುಬಾಳು_ಹೈದ | 7:15

ಒಮ್ಮೆ ಪಲ್ಪರ್ ಹತ್ತಿರ ಸಿಕ್ಕಿದ್ದ. ಹುಲ್ಲು ಹೊತ್ತುಕೊಂಡು ಹೋಗುತ್ತಿದ್ದ. ನಿನ್ನ ಮನೆಯಲ್ಲಿ ಹಸು ಇಲ್ಲವಲ್ಲ ಅಂದೆ. "ಮುಕೆಚುರು ಮನೆಗೆ" ಅಂದ. ಹಾಗಂದರೆ ಅಜ್ಜಿ. ಬೇಲಿ ಹೊರಗೆ ಇಟ್ಟು ಬರುತ್ತಾನಂತೆ, ಒಳಗೆ ಹೋಗುವುದಿಲ್ಲ. ಅವರು ಆಮೇಲೆ ಬಂದು ಎತ್ತಿಕೊಳ್ಳುತ್ತಾರೆ. ಎಷ್ಟು ದಿನದಿಂದ ಅಂತ ಕೇಳಲಿಲ್ಲ.

ಧಾರವಾಡ_ಫೇಡೆ | 7:18

ಇದನ್ನು ಮೊದಲೇ ಹೇಳಬಾರದೇನ್ರಿ! ಬೆಳಿಗ್ಗೆಯಿಂದ ಅವನನ್ನು ಬೈದುಕೊಂಡು ಕೂತಿದ್ದೆ.

ತುಂಗೆತೀರ_ತಂಗಿ | 7:26

ಬೈದದ್ದು ತಪ್ಪೇನಲ್ಲ ಅಣ್ಣ. ಹುಲ್ಲು ತಂದದ್ದಕ್ಕೆ ಮಕ್ಕಳು ವಾಪಸ್ ಬರುವುದಿಲ್ಲ.

ನಿರ್ವಾಹಕ | 7:30

ಮುದ್ದೆ ಅಂಟೋ ಅಲ್ಲವೋ ಎಂಬ 14 ಉತ್ತರಗಳನ್ನು ಅಡುಗೆ ವಿಭಾಗಕ್ಕೆ ಸಾಗಿಸಲಾಗಿದೆ.

ಮಂಡ್ಯ_ಮುದ್ದೆ | 7:31

ಅನ್ಯಾಯ. ಗಚಾಚಾ ಕರೆಯಿರಿ.

ಹಾನುಬಾಳು_ಹೈದ | ಭಾನುವಾರ, ಬೆಳಿಗ್ಗೆ 6:12

ರಾತ್ರಿ ಅಲ್ಲಿಂದ ನಮ್ಮ ಮೆಕ್ಯಾನಿಕ್ ಹುಡುಗನ ವಾಟ್ಸಾಪ್ ಬಂತು. ಹಸು ಈದಿದೆ. ತಾಯಿ ಕರು ಚೆನ್ನಾಗಿವೆ. ಹೋರಿಗರು.

ಮಂಡ್ಯ_ಮುದ್ದೆ | 6:15

ಮೊದಲೇ ಕೇಳಿದ್ದೆ ನಾನು!

ಬೈಗುಕಡಲು | 6:20

ಹಾಗಾದರೆ ಇನ್ನೂ ಒಂದು ವರ್ಷವಾದರೂ ಬೇಕು. ಹುಲ್ಲು?

ಹಾನುಬಾಳು_ಹೈದ | 6:34

ಕೇಳಿದೆ. ಇವತ್ತೂ ಬೇಲಿ ಹತ್ತಿರ ಇತ್ತಂತೆ.